ಬಂದೂಕಿನ ಬೆಲೆಯೂ ಮಕ್ಕಳ ಗುರಿಯೂ

೨೦೦೮ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ ೧೦ ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನ ಗೆದ್ದಂದಿನಿಂದಲೂ, ೨೦೨೪ರಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು ಪ್ಯಾರಿಸಿನಿಂದ ೫೦ ಮೀಟರ್ ರೈಫಲಿನ ಕಂಚು ತಂದ ಮೇಲಂತೂ, ಮುಂಬಯಿ ಪುಣೆಗಳ ನಮ್ಮವರ ಮನೆಗಳಲ್ಲಿಯೂ ಹದಿಹರೆಯದ ಮಕ್ಕಳು ಗುರಿಗಾರಿಕೆಯ ಮಾತನಾಡತೊಡಗಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಅದರ ಬೆನ್ನಿಗೇ ಬರುವ ಪ್ರಶ್ನೆ ತಂದೆತಾಯಿಗಳ ನಿದ್ದೆ ಕೆಡಿಸುತ್ತದೆ: ಬಂದೂಕನ್ನು ಕೊಳ್ಳುವುದು ಹೇಗೆ?

ಜರ್ಮನಿ, ಆಸ್ಟ್ರಿಯಗಳ ಹೊಸ ರೈಫಲುಗಳ ಬೆಲೆಯನ್ನು ಲಕ್ಷಗಳಲ್ಲಿಯೇ ಎಣಿಸಬೇಕು. ಹೋಟೆಲಿನ ಗಲ್ಲೆಯ ಮೇಲೆ ಕುಳಿತು ಸಂಸಾರ ನಡೆಸುವವರು ಮನೆಯ ಒಡವೆಯನ್ನು ಅಡವಿಟ್ಟು ಅಂಥದೊಂದನ್ನು ತರಬೇಕೆ? ಬೇಕಿಲ್ಲವೆಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ.

ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರಿನಷ್ಟು ಕಿರಿದು, ನಿಜ. ಆದರೆ ಸುಸ್ಥಿತಿಯಲ್ಲಿರುವ ಗುರಿ ರೈಫಲು, ಅದು ಹಳೆಯದೇ ಇರಲಿ, ಹೊಸಬನ ಕೈಗಿಂತ ಹೆಚ್ಚು ನಿಖರವಾದುದು. ಅಲುಗುವುದು ನಳಿಗೆಯಲ್ಲ, ಹಿಡಿದವನ ಮೈ. ಹೊಸ ಕೈ ಹೊಯ್ದ ದೋಸೆ ಎಷ್ಟು ಬೆಲೆಯ ಕಲ್ಲಿನ ಮೇಲೂ ಹರಿಯುವುದುಂಟು.

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಆದರೂ ನೆಲವೇ ಡೊಂಕಾಗಿರುವ ಪ್ರಸಂಗ ಇಲ್ಲದಿಲ್ಲ. ನಿಯಮದ ೫.೫ ಕಿಲೋಗ್ರಾಂ ಏರ್ ರೈಫಲಿನ ತೂಕದ ಮೇಲ್ಮಿತಿಯೇ ಹೊರತು ಅಷ್ಟು ಭಾರವಿರಲೇಬೇಕೆಂಬ ವಿಧಿಯಲ್ಲ. ಹದಿಮೂರರ ಬಾಲಕಿಯ ಕೈಗೆ ದೊಡ್ಡವರ ರೈಫಲನ್ನು ಕೊಟ್ಟರೆ ಅವಳು ಬೆನ್ನನ್ನು ಹಿಂದಕ್ಕೆ ಬಾಗಿಸಿ ನಿಲ್ಲುವಳು. ಆ ಕೆಟ್ಟ ನಿಲುವೇ ಅಭ್ಯಾಸವಾಗುವುದು. ಆದುದರಿಂದ ಹೆಸರನ್ನು ನೋಡುವ ಮೊದಲು ತೂಕವನ್ನು ನೋಡಿರಿ. ಹೆಗಲಿಗೂ ಕೆನ್ನೆಗೂ ಆನುವ ಭಾಗಗಳು ಬೆಳೆಯುವ ಮಗುವಿಗೆ ತಕ್ಕಂತೆ ಹೊಂದಿಸಲು ಬರುವವೇ ಎಂಬುದನ್ನು ಪರೀಕ್ಷಿಸಿರಿ.

ಬಳಸಿದ ರೈಫಲನ್ನು ಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ, ಎಚ್ಚರ ಬೇಕು. ಒತ್ತಿದ ಗಾಳಿಯ ಸಿಲಿಂಡರಿಗೆ ತಯಾರಾದಂದಿನಿಂದ ಹತ್ತೇ ವರ್ಷಗಳ ಆಯುಸ್ಸು. ಅವಧಿ ಮೀರಿದ ಸಿಲಿಂಡರು ಸ್ಪರ್ಧೆಗೆ ಸಲ್ಲದು. ಅದರ ಮೇಲೆ ಕೆತ್ತಿರುವ ದಿನಾಂಕವನ್ನು ಓದದೆ ಹಣ ಎಣಿಸಬೇಡಿರಿ. ಬಿಡಿಭಾಗಗಳು ದೊರೆಯುವವೇ, ಗಾಳಿ ಸೋರುವುದೇ ಎಂಬುದನ್ನು ತಿಳಿದವರಿಂದ ನೋಡಿಸಿರಿ. ೪.೫ ಮಿಲಿಮೀಟರ್ ವ್ಯಾಸದ, ೨೦ ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲಿಗೆ ೨೦೧೬ರ ಶಸ್ತ್ರ ನಿಯಮಗಳಂತೆ ಪರವಾನಗಿ ಬೇಕಿಲ್ಲ. ಹಾಗೆಂದು ಅದು ಆಟಿಕೆಯಲ್ಲ, ಬೀಗದೊಳಗಿರಬೇಕು.

ನಮ್ಮ ಸಲಹೆಯ ಕ್ರಮವಿಷ್ಟೆ. ಮೊದಲ ವರ್ಷ ಅಭ್ಯಾಸ ಕೇಂದ್ರದ ರೈಫಲೇ ಸಾಕು. ಮಗುವಿನ ಆಸಕ್ತಿ ಅಷ್ಟು ಕಾಲ ನಿಂತರೆ, ತರಬೇತುದಾರರನ್ನು ಜೊತೆಗೆ ಕರೆದೊಯ್ದು ಹಗುರವಾದ ಕಿರಿಯರ ರೈಫಲನ್ನು ನೋಡಿರಿ. ಕೈಯಲ್ಲಿರುವ ಹಣವನ್ನೆಲ್ಲ ಬಂದೂಕಿಗೇ ಸುರಿಯದೆ ಪೆಲೆಟ್, ದಪ್ಪ ಕೋಟು, ತರಬೇತಿಯ ಶುಲ್ಕಗಳಿಗೆ ಉಳಿಸಿಕೊಳ್ಳಿರಿ. ರೈಫಲು ಮನೆಗೆ ಬಂದು ಪೆಲೆಟ್ಟಿಗೆ ಹಣವಿಲ್ಲದಿದ್ದರೆ, ಎಮ್ಮೆ ಕೊಂಡು ಹುಲ್ಲಿಗೆ ಗತಿಯಿಲ್ಲದಂತಾದೀತು.

ಕೊನೆಯದಾಗಿ ನಮ್ಮ ಸಂಘಗಳ ಮಹನೀಯರಿಗೆ ಒಂದು ವಿಜ್ಞಾಪನೆ. ವಾರ್ಷಿಕೋತ್ಸವದ ಮಂಟಪಕ್ಕೂ ಹಾರತುರಾಯಿಗಳಿಗೂ ಆಗುವ ವೆಚ್ಚದಲ್ಲಿ ತುಸು ಉಳಿಸಿ, ಮನ್ನಣೆ ಪಡೆದ ಅಭ್ಯಾಸ ಕೇಂದ್ರವೊಂದರಲ್ಲಿ ಕಿರಿಯರ ರೈಫಲೊಂದನ್ನು ಇರಿಸಬಾರದೇಕೆ? ಮಗನಿಗಾದರೆ ಸಾಲಮಾಡಿಯಾದರೂ ತರುವ ತಂದೆ, ಮಗಳು ಕೇಳಿದಾಗ ಮುಂದೆ ನೋಡೋಣವೆನ್ನುವುದನ್ನು ನಾವು ಬಲ್ಲೆವು. ಸಂಘದ ರೈಫಲು ಇಂಥ ಭೇದವನ್ನು ಅರಿಯದು. ಒಬ್ಬರ ಗೋಡೆಗೆ ಒರಗಿ ತುಕ್ಕು ಹಿಡಿಯುವ ಬಂದೂಕಿಗಿಂತ ಹತ್ತು ಮಕ್ಕಳ ಹೆಗಲೇರುವ ಬಂದೂಕೇ ಅಗ್ಗವಾದುದು.