ದ್ವೀಪದ ಮೇಲೊಂದು ನಗರಸಭೆ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ನಗರಕ್ಕೆ ಲಂಡನ್ನಿನಿಂದ ರೈಲಿನಲ್ಲಿ ಹೋಗುವ ಪ್ರಯಾಣಿಕನಿಗೆ, ತಾನೊಂದು ದ್ವೀಪವನ್ನು ಪ್ರವೇಶಿಸುತ್ತಿರುವೆನೆಂಬ ಅರಿವು ಉಂಟಾಗುವುದೇ ಅಪೂರ್ವ. ಗಾಡಿಯು ಊರಿನ ಹೊರವಲಯದಲ್ಲಿ ಒಂದು ಚಿಕ್ಕ ಸೇತುವೆಯನ್ನು ದಾಟುತ್ತದೆ. ಕೆಳಗೆ ಕಾಣುವುದು ಅಷ್ಟೇನೂ ಅಗಲವಲ್ಲದ ನೀರಿನ ಒಂದು ಪಟ್ಟಿ. ಇಳಿತದ ವೇಳೆಯಾದರೆ ನೀರಿಗಿಂತ ಕೆಸರೇ ಹೆಚ್ಚು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದು ಹಿಂದೆ ಸರಿದು, ಸಾಲುಮನೆಗಳ ಬೀದಿಗಳು ತೊಡಗುತ್ತವೆ. ಆದರೆ ಈ ನಗರದ ಭಾಗ್ಯವನ್ನೂ ಬವಣೆಯನ್ನೂ ನಿರ್ಧರಿಸಿದುದು ಆ ನೀರಿನ ಪಟ್ಟಿಯೇ.

ಪೋರ್ಟ್ಸ್‌ಬ್ರಿಡ್ಜ್ ಕ್ರೀಕ್ ಎಂದು ಅದರ ಹೆಸರು. ಅದು ಪಶ್ಚಿಮದ ಪೋರ್ಟ್ಸ್‌ಮತ್ ಬಂದರನ್ನೂ ಪೂರ್ವದ ಲ್ಯಾಂಗ್‌ಸ್ಟನ್ ಬಂದರನ್ನೂ ಕೂಡಿಸಿ, ಪೋರ್ಟ್ಸೀ ಎಂಬ ಭೂಭಾಗವನ್ನು ಮುಖ್ಯ ನಾಡಿನಿಂದ ಬೇರ್ಪಡಿಸುತ್ತದೆ. ದಕ್ಷಿಣಕ್ಕೆ ಸೋಲೆಂಟ್ ಜಲಸಂಧಿ. ದ್ವೀಪದ ಬಹುಭಾಗವು ಸಮುದ್ರಮಟ್ಟದಿಂದ 3 ಮೀಟರಿಗಿಂತ ಎತ್ತರವಿಲ್ಲ. ಹೊರಗಿನಿಂದ ಬರುವ ವಾಹನಗಳಿಗೆ ಇರುವುದು ಮೂರೇ ಹೆದ್ದಾರಿಗಳು. ರೈಲಿಗೆ ಒಂದೇ ದಾರಿ. 2021ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 2 ಲಕ್ಷ 8 ಸಾವಿರ. ಚದರ ಕಿಲೋಮೀಟರಿಗೆ 5,000ಕ್ಕೂ ಮಿಕ್ಕ ಜನ ವಾಸಿಸುವ ಇದು, ಲಂಡನ್ನನ್ನು ಬಿಟ್ಟರೆ ಬ್ರಿಟನ್ನಿನ ಅತ್ಯಂತ ಇಕ್ಕಟ್ಟಾದ ನಗರಗಳಲ್ಲೊಂದು.

ಇಷ್ಟು ಜನ ಇಲ್ಲಿಗೆ ಬಂದುದು ನೌಕಾಪಡೆಯ ದೆಸೆಯಿಂದ. 1194ರಲ್ಲಿ ಒಂದನೆಯ ರಿಚರ್ಡ್ ದೊರೆ ಈ ಊರಿಗೆ ಸನ್ನದನ್ನಿತ್ತು, ಸಂತೆ ಜಾತ್ರೆಗಳನ್ನು ನಡೆಸುವ ಹಕ್ಕನ್ನು ಕೊಟ್ಟನು. ಏಳನೆಯ ಹೆನ್ರಿಯ ಕಾಲದಲ್ಲಿ, 1495ರಲ್ಲಿ, ಹಡಗುಗಳ ದುರಸ್ತಿಗಾಗಿ ನೀರು ಬಸಿದು ಒಣಗಿಸುವ ‘ಡ್ರೈ ಡಾಕ್’ ಇಲ್ಲಿ ನಿರ್ಮಾಣವಾಯಿತು. ಅಂದಿನಿಂದ ಬಡಗಿ, ಕಮ್ಮಾರ, ನಾವಿಕ, ಗುಮಾಸ್ತ ಎಂಬ ಭೇದವಿಲ್ಲದೆ ಎಲ್ಲರ ಅನ್ನವೂ ಆ ಹಡಗುಕಟ್ಟೆಯಿಂದಲೇ. ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್ 1812ರಲ್ಲಿ ಹುಟ್ಟಿದುದು ಇಲ್ಲಿಯೇ. ಅವನ ತಂದೆ ನೌಕಾಪಡೆಯ ವೇತನ ಕಚೇರಿಯಲ್ಲಿ ಗುಮಾಸ್ತನಾಗಿದ್ದನು. ಇಂದು ನಗರಸಭೆಯ ಒಂದು ವಾರ್ಡಿಗೆ ಆ ಕಾದಂಬರಿಕಾರನ ಹೆಸರೇ ಇದೆ.

ಜನ ಹೆಚ್ಚಿದಂತೆ ದ್ವೀಪದ ಮೊದಲ ಸಮಸ್ಯೆ ತಲೆದೋರಿತು: ಚರಂಡಿ. ಸಪಾಟಾದ ನೆಲದಲ್ಲಿ ಕೊಳೆನೀರು ತಾನಾಗಿ ಹರಿದು ಹೋಗದು. 1849ರಲ್ಲಿ ಕಾಲರಾ ಬೇನೆಯು ಬಡವರ ಕೇರಿಗಳನ್ನು ಬಡಿಯಿತು. ಮರುವರ್ಷ ಸರ್ಕಾರದ ಪರವಾಗಿ ವಿಚಾರಣೆ ನಡೆಸಿದ ರಾಬರ್ಟ್ ರಾಲಿನ್ಸನ್ ಎಂಬ ಎಂಜಿನಿಯರನು, ಊರಿಗೆ ಒಳಚರಂಡಿಯೂ ಶುದ್ಧವಾದ ನೀರೂ ಬೇಕೆಂದು ವರದಿ ಒಪ್ಪಿಸಿದನು. ಆದರೆ ಕಂದಾಯ ಏರುವುದೆಂಬ ಭೀತಿಯಿಂದ ತೆರಿಗೆದಾರರು ಅಡ್ಡ ನಿಂತರು. ಊರು ಆರೋಗ್ಯ ಮಂಡಳಿಯೊಂದನ್ನು ಒಪ್ಪಿಕೊಳ್ಳಲು ಹತ್ತು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು. ಕೊನೆಗೆ ದ್ವೀಪದ ಆಗ್ನೇಯ ಮೂಲೆಯ ಈಸ್ಟ್‌ನೀಯಲ್ಲಿ ಕೊಳೆನೀರನ್ನೆತ್ತಿ ಸಮುದ್ರಕ್ಕೆ ಬಿಡುವ ಏರ್ಪಾಡಾಯಿತು. 1887ರಲ್ಲಿ ಕಟ್ಟಿದ ಅಲ್ಲಿನ ಉಗಿಯಂತ್ರದ ಮನೆ ಇಂದು ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಬಿದ್ದ ಮಳೆಯನ್ನೂ ಯಂತ್ರದಿಂದಲೇ ಎತ್ತಿ ಹೊರಹಾಕಬೇಕಾದ ಊರು ಇದು. 2000ದ ಸೆಪ್ಟೆಂಬರ್ 15ರಂದು ಭಾರಿ ಮಳೆಗೆ ಈಸ್ಟ್‌ನೀಯ ಪಂಪುಗಳೇ ಮುಳುಗಿ ನಿಂತಾಗ, ತಗ್ಗಿನ ಬೀದಿಗಳ ಮನೆಗಳೊಳಕ್ಕೆ ನೀರು ನುಗ್ಗಿತು.

ಎರಡನೆಯ ಸಮಸ್ಯೆ ಎಲ್ಲೆಯದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಗಾದೆ ಹೇಳುತ್ತದೆ. ಆದರೆ ಬೆಳೆಯುವ ಮಗುವಿಗೆ ಈ ಗಾದೆ ಎಷ್ಟು ದಿನ ನಡೆದೀತು? 1889ರಲ್ಲಿ ಪೋರ್ಟ್ಸ್‌ಮತ್ ‘ಕೌಂಟಿ ಬರೋ’ ಆಯಿತು. ಎಂದರೆ ಸುತ್ತಲಿನ ಹ್ಯಾಂಪ್‌ಷೈರ್ ಕೌಂಟಿಯ ಹಂಗಿಲ್ಲದೆ ತನ್ನ ಎಲ್ಲ ವ್ಯವಹಾರಗಳನ್ನೂ ತಾನೇ ನಡೆಸುವ ಅಧಿಕಾರ ಅದಕ್ಕೆ ದೊರೆಯಿತು. 1904ರ ಹೊತ್ತಿಗೆ ಇಡೀ ದ್ವೀಪ ಅದರ ಎಲ್ಲೆಯೊಳಗೆ ಬಂದಿತು. ಅಷ್ಟೂ ಸಾಲದೆ 1920ರಿಂದ 1932ರವರೆಗಿನ ಅವಧಿಯಲ್ಲಿ ಕ್ರೀಕನ್ನು ದಾಟಿ ಕಾಷಮ್, ಪಾಲ್ಸ್‌ಗ್ರೋವ್, ಡ್ರೇಟನ್, ಫಾರ್ಲಿಂಗ್ಟನ್ ಗ್ರಾಮಗಳನ್ನು ಸೇರಿಸಿಕೊಂಡು, ಪೋರ್ಟ್ಸ್‌ಡೌನ್ ಗುಡ್ಡದ ಇಳಿಜಾರಿನವರೆಗೆ ಹಬ್ಬಿತು. ಈ ನಡುವೆ 1926ರಲ್ಲಿ ‘ನಗರ’ವೆಂಬ ಪದವಿಯೂ, 1928ರಲ್ಲಿ ಅದರ ಮೇಯರಿಗೆ ‘ಲಾರ್ಡ್ ಮೇಯರ್’ ಎಂಬ ಬಿರುದೂ ಲಭಿಸಿದವು.

ಹಡಗುಕಟ್ಟೆ ಅನ್ನವಿತ್ತಂತೆ ಆಪತ್ತನ್ನೂ ತಂದಿತು. ಎರಡನೆಯ ಮಹಾಯುದ್ಧದ ವಾಯುದಾಳಿಗಳಲ್ಲಿ ಇಲ್ಲಿ ಮಡಿದವರು ಒಂಬೈನೂರಕ್ಕೂ ಹೆಚ್ಚು ಮಂದಿ. 1941ರ ಜನವರಿ 10ರ ರಾತ್ರಿ ನಗರಸಭೆಯ ಸೌಧವಾದ ಗಿಲ್ಡ್‌ಹಾಲ್ ಹೊತ್ತಿ ಉರಿದು, ಹೊರಗೋಡೆಗಳು ಮಾತ್ರ ಉಳಿದವು. ಅದು ಪುನಃ ಬಾಗಿಲು ತೆರೆದುದು 1959ರಲ್ಲಿ. ಸಭಾಭವನವಿಲ್ಲದಿದ್ದರೂ ನಗರಸಭೆ ನಡೆದೀತು. ಆದರೆ ಮನೆ ಕಳೆದುಕೊಂಡ ಸಂಸಾರಗಳು ಕಾಯಲಾರವು. ದ್ವೀಪದಲ್ಲಿ ಜಾಗವಿಲ್ಲ. ಆಗ ನಗರಸಭೆ ಒಂದು ಅಸಾಧಾರಣ ಕಾರ್ಯ ಮಾಡಿತು. 1944ರಲ್ಲಿ, ಯುದ್ಧ ಮುಗಿಯುವ ಮುನ್ನವೇ, ತನ್ನ ಎಲ್ಲೆಯ ಹೊರಗೆ, ಹ್ಯಾವಂಟ್ ಪಟ್ಟಣದ ಬದಿಯಲ್ಲಿದ್ದ ಲೀ ಪಾರ್ಕ್ ಎಂಬ ಜಮೀನುದಾರಿ ಎಸ್ಟೇಟನ್ನು ಕೊಂಡುಕೊಂಡಿತು. ಯುದ್ಧಾನಂತರ ಅಲ್ಲಿ ಬಾಡಿಗೆಮನೆಗಳ ಒಂದು ದೊಡ್ಡ ಊರೇ ಎದ್ದಿತು.

ಈ ಊರಿನಲ್ಲಿ ಸ್ಥಳೀಯ ಆಡಳಿತದ ಸೋಜಿಗವನ್ನು ಕಾಣಬಹುದು. ಲೀ ಪಾರ್ಕಿನ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ಆಕೆಯ ಮನೆಯ ಮಾಲೀಕ ಪೋರ್ಟ್ಸ್‌ಮತ್ ನಗರಸಭೆ. ಮಾಡು ಸೋರಿದರೆ ಅಲ್ಲಿಗೆ ದೂರು. ಮನೆ ಮುಂದಿನ ಕಸವನ್ನೊಯ್ಯುವ ಹೊಣೆ ಹ್ಯಾವಂಟ್ ಪುರಸಭೆಯದು. ಮಕ್ಕಳ ವಿದ್ಯಾಭ್ಯಾಸದ ಹೊಣೆ ವಿಂಚೆಸ್ಟರಿನಲ್ಲಿರುವ ಹ್ಯಾಂಪ್‌ಷೈರ್ ಕೌಂಟಿ ಸಭೆಯದು. ಅವಳಿಗೆ ಮತವಿರುವುದು ಹ್ಯಾವಂಟಿನಲ್ಲಿ ಮತ್ತು ಕೌಂಟಿಯಲ್ಲಿ. ಬಾಡಿಗೆಯನ್ನು ನಿರ್ಧರಿಸುವ ಪೋರ್ಟ್ಸ್‌ಮತ್ ನಗರಸಭೆಯ ಚುನಾವಣೆಯಲ್ಲಿ ಅವಳಿಗೆ ಮತವಿಲ್ಲ. ದ್ವೀಪ ಸಾಲದೆ ಹೊರಗೆ ಹೋದವರು, ನಗರದ ಮನೆಯಲ್ಲಿದ್ದೂ ನಗರದವರಾಗದೆ ಉಳಿದರು.

ನಗರಸಭೆಯ ಅಧಿಕಾರವೂ ಒಂದೇ ಸಮನಾಗಿ ಉಳಿಯಲಿಲ್ಲ. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಸುಧಾರಣೆಯಲ್ಲಿ ಕೌಂಟಿ ಬರೋಗಳು ರದ್ದಾದವು. ಪೋರ್ಟ್ಸ್‌ಮತ್ತಿನ ಶಾಲೆಗಳೂ ಸಮಾಜಸೇವೆಯೂ ಹ್ಯಾಂಪ್‌ಷೈರಿನ ಕೈಗೆ ಹೋದವು. ದ್ವೀಪದ ಮಕ್ಕಳ ಶಾಲೆಯ ನಿರ್ಣಯ ವಿಂಚೆಸ್ಟರಿನಲ್ಲಿ ಆಗತೊಡಗಿತು. 23 ವರ್ಷಗಳ ಬಳಿಕ, 1997ರ ಏಪ್ರಿಲ್ 1ರಂದು, ಆ ಅಧಿಕಾರಗಳೆಲ್ಲ ಊರಿಗೆ ಹಿಂತಿರುಗಿದವು. ಆ ಏರ್ಪಾಡಿನಂತೆ 14 ವಾರ್ಡುಗಳಿಗೆ ತಲಾ ಮೂವರಂತೆ 42 ಮಂದಿ ಸದಸ್ಯರು. ಎಲ್ಲರೂ ಒಮ್ಮೆಲೇ ಚುನಾವಣೆಗೆ ನಿಲ್ಲುವುದಿಲ್ಲ. ವರ್ಷಕ್ಕೆ ಮೂರನೆಯ ಒಂದು ಭಾಗದಷ್ಟು ಸ್ಥಾನಗಳಿಗೆ ಆಯ್ಕೆ ನಡೆದು, ನಾಲ್ಕನೆಯ ವರ್ಷ ವಿರಾಮ. ಲಾರ್ಡ್ ಮೇಯರರದು ಗೌರವದ ಪದವಿ. ಆಡಳಿತದ ಸೂತ್ರವಿರುವುದು ಸದಸ್ಯರು ಆರಿಸಿದ ನಾಯಕನ ಕೈಯಲ್ಲಿ.

ಅಂಥ ಸಭೆಯ ಮೇಲೆ ಇಂದು ಬಿದ್ದಿರುವ ಗುರುತರವಾದ ಹೊರೆ ಕಡಲಿನದು. ದಕ್ಷಿಣ ದಂಡೆಯ ಸೌತ್‌ಸೀ ಬಯಲು ಒಂದು ಕಾಲಕ್ಕೆ ಸೈನ್ಯದ ಸ್ವತ್ತಾಗಿತ್ತು. 1922ರಲ್ಲಿ ನಗರಸಭೆ ಅದನ್ನು ಕೊಂಡುಕೊಂಡುದರಿಂದಲೇ, ಇಂಚು ನೆಲಕ್ಕೂ ಬೆಲೆ ಇರುವ ದ್ವೀಪದಲ್ಲಿ ಮಕ್ಕಳು ಗಾಳಿಪಟ ಹಾರಿಸಲು ಜಾಗ ಉಳಿದಿದೆ. ಆ ಬಯಲನ್ನೂ ಅದರ ಹಿಂದಿನ ಸಾವಿರಾರು ಮನೆಗಳನ್ನೂ ಏರುತ್ತಿರುವ ಸಮುದ್ರದಿಂದ ಕಾಪಾಡಲೆಂದು 2020ರಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರು ಉದ್ದದ ರಕ್ಷಣಾ ಕಾಮಗಾರಿ ಆರಂಭವಾಯಿತು. ಗೋಡೆ ಎತ್ತರವಾದಷ್ಟು ಊರು ಭದ್ರ, ಆದರೆ ಕಡಲ ನೋಟ ಮರೆ. ಯಾವುದು ಎಷ್ಟು ಎಂಬುದನ್ನು ನಿರ್ಧರಿಸುವುದು ಸುಲಭವಲ್ಲ. ಅಲೆಗಳಿಗೆ ವಾರ್ಡಿನ ಗಡಿ ತಿಳಿಯದು. ಆದುದರಿಂದ 2012ರಲ್ಲಿ ಪೋರ್ಟ್ಸ್‌ಮತ್, ಹ್ಯಾವಂಟ್, ಫೇರಮ್, ಗಾಸ್ಪೋರ್ಟ್ ಎಂಬ ನಾಲ್ಕು ಸ್ಥಳೀಯ ಸಭೆಗಳು ಕೂಡಿ, ಕರಾವಳಿಯ ರಕ್ಷಣೆಗಾಗಿ ಒಂದೇ ತಂಡವನ್ನು ರಚಿಸಿಕೊಂಡವು.

ಈ ಹೊತ್ತಿನಲ್ಲಿಯೇ ಎಲ್ಲೆಯ ಪ್ರಶ್ನೆ ಮತ್ತೆ ಮೇಲೆದ್ದಿತು. 2024ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರವು ಹೊರಡಿಸಿದ ಶ್ವೇತಪತ್ರ, ಎರಡು ಹಂತದ ಸ್ಥಳೀಯ ಆಡಳಿತವನ್ನು ಕೊನೆಗಾಣಿಸಿ, ಸಾಮಾನ್ಯವಾಗಿ 5 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಜನಸಂಖ್ಯೆಯ ಸಭೆಗಳನ್ನು ರಚಿಸಬೇಕೆಂದು ಸೂಚಿಸಿತು. 2 ಲಕ್ಷದ ಪೋರ್ಟ್ಸ್‌ಮತ್ ಈ ಅಳತೆಗೆ ಚಿಕ್ಕದು. ನೆರೆಯ ಪಟ್ಟಣಗಳೊಡನೆ ಕೂಡಿದರೆ ಲೀ ಪಾರ್ಕಿನ ಆ ಗೃಹಿಣಿ ತನ್ನ ಮನೆಯ ಮಾಲೀಕನನ್ನು ಆರಿಸುವ ಮತವನ್ನು ಪಡೆದಾಳು. ಇದು ಲಾಭವೇ ಸರಿ. ಆದರೆ ದೊಡ್ಡ ಸಭೆಯಲ್ಲಿ ದ್ವೀಪದ ಸದಸ್ಯರ ದನಿ ಕ್ಷೀಣಿಸಬಹುದು. 1974ರ ಅನುಭವವನ್ನು ಬಲ್ಲ ಹಿರಿಯರಿಗೆ ಈ ಶಂಕೆ ಸಹಜವಾದುದು.

ಪೋರ್ಟ್ಸ್‌ಮತ್ತಿನ ಧ್ಯೇಯವಾಕ್ಯ ‘ಸ್ವರ್ಗದ ಬೆಳಕೇ ನಮ್ಮ ಮಾರ್ಗದರ್ಶಿ’ ಎಂಬರ್ಥದ್ದು. 1861ರಲ್ಲಿ ವಿಕ್ಟೋರಿಯಾ ರಾಣಿ ಸ್ಥಾಪಿಸಿ, ಭಾರತದ ಮಹಾರಾಜರಿಗೂ ಅಧಿಕಾರಿಗಳಿಗೂ ನೀಡುತ್ತಿದ್ದ ‘ಸ್ಟಾರ್ ಆಫ್ ಇಂಡಿಯಾ’ ಪದಕದ ಮೇಲೆಯೂ ಇದೇ ವಾಕ್ಯವಿತ್ತು. ಆ ಪದಕ ಕೊಡುವ ಕಾಲ ಮುಗಿದುಹೋಯಿತು. ವಾಕ್ಯ ದ್ವೀಪದಲ್ಲಿ ಉಳಿದಿದೆ. ಸಭೆಯ ಹೆಸರು ಏನೇ ಆಗಲಿ, ಅದು ಎಲ್ಲಿಯೇ ಕೂಡಲಿ, ಮಳೆಯ ರಾತ್ರಿ ಪಂಪು ಓಡುತ್ತಿದೆಯೇ, ಕಡಲಗೋಡೆ ಗಟ್ಟಿಯಾಗಿದೆಯೇ ಎಂದು ಕೇಳುವವರಿಗೆ ಉತ್ತರ ಕೊಡಬೇಕಾದವರು ಯಾರೆಂಬುದು ಆ ಊರಿನ ಪ್ರತಿ ಮನೆಗೂ ಗೊತ್ತಿರಬೇಕು. ತಗ್ಗಿನ ನೆಲದ ಮೇಲೆ ಬಾಳುವವರು ತಮ್ಮನ್ನಾಳುವವರಿಂದ ಅದಕ್ಕಿಂತ ಕಡಿಮೆಯನ್ನು ಒಪ್ಪುವಂತಿಲ್ಲ.