ಬೆಂಕಿ ಬಚ್ಚಲಿನ ಹೊರಗಿರಲಿ

ಹೊಸದಾಗಿ ಗ್ಯಾಸ್ ಗೀಸರ್ ಹಾಕಿಸಲು ಹೊರಟವರಲ್ಲಿ, ಈಗಾಗಲೇ ಹಾಕಿಸಿಕೊಂಡು ದಿನವೂ ಅದರ ನೀರಿನಲ್ಲಿ ಮೀಯುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಓದುವುದನ್ನು ಇಲ್ಲಿಗೇ ನಿಲ್ಲಿಸಿ ಒಮ್ಮೆ ಎದ್ದು ಹೋಗಿ, ಆ ಪೆಟ್ಟಿಗೆ ಯಾವ ಗೋಡೆಗಿದೆ ಎಂದು ನೋಡಿ ಬನ್ನಿ. ಅದು ಸ್ನಾನದ ಕೋಣೆಯ ಒಳಗಿದ್ದರೆ ನಾಳೆ ಬೆಳಿಗ್ಗೆಯಿಂದ ಹಚ್ಚಬೇಡಿ. ಹೊರಗೋಡೆಗೆ ಸಾಗಿಸುವವರೆಗೆ ಅಡುಗೆಮನೆಯಲ್ಲಿ ನೀರು ಕಾಯಿಸಿಕೊಳ್ಳಿ. ಎರಡು ಮೂರು ದಿನದ ತೊಂದರೆ, ಅಷ್ಟೇ.

ಚಳಿಗಾಲ ಬಂತೆಂದರೆ ಪತ್ರಿಕೆಗಳ ಒಳಪುಟದಲ್ಲಿ ಒಂದೇ ಬಗೆಯ ಸುದ್ದಿ ಮರಳಿ ಮರಳಿ ಬರುತ್ತದೆ. ಸ್ನಾನಕ್ಕೆ ಹೋದ ಮಗಳು ಹೊರಬರಲಿಲ್ಲ, ಬಾಗಿಲು ಒಡೆದಾಗ ಉಸಿರಿರಲಿಲ್ಲ. ಕೆಳಗೆ ‘ಗೀಸರ್ ಅನಿಲ ಸೋರಿಕೆ’ ಎಂದು ಕಾರಣ ಬರೆದಿರುತ್ತಾರೆ. ಅದನ್ನು ಓದಿದವರು ‘ನಮ್ಮ ಮನೆಯಲ್ಲಿ ಗ್ಯಾಸ್ ವಾಸನೆಯೇ ಇಲ್ಲವಲ್ಲ’ ಎಂದು ನಿಶ್ಚಿಂತರಾಗುತ್ತಾರೆ. ನನಗೆ ಭಯ ಹುಟ್ಟಿಸುವುದು ಈ ನಿಶ್ಚಿಂತೆಯೇ. ಇಂಥ ಸಾವುಗಳಲ್ಲಿ ಸಾಮಾನ್ಯವಾಗಿ ಸಿಲಿಂಡರಿನ ಅನಿಲ ಸೋರಿರುವುದಿಲ್ಲ. ಒಲೆ ಉರಿದಿರುತ್ತದೆ, ನೀರು ಕಾದಿರುತ್ತದೆ, ಪೈಪು ಗಟ್ಟಿಯಾಗಿಯೇ ಇರುತ್ತದೆ. ಉರಿಗೆ ಸಾಕಷ್ಟು ಗಾಳಿ ಸಿಗದೆ ಹುಟ್ಟಿದ ಕಾರ್ಬನ್ ಮಾನಾಕ್ಸೈಡ್ ಕೋಣೆ ತುಂಬಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮೂ ಬರಿಸುವುದಿಲ್ಲ. ಸೋರಿಕೆ ತಿಳಿಯಲೆಂದು ಎಲ್‌ಪಿಜಿಗೆ ಬೆರೆಸುವ ಮರ್ಕ್ಯಾಪ್ಟನ್ ವಾಸನೆಯು ಉರಿಯಲ್ಲೇ ಸುಟ್ಟುಹೋಗಿರುತ್ತದೆ.

ಸಣ್ಣ ಲೆಕ್ಕವೊಂದನ್ನು ನೋಡಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು 10 ಕಿಲೋವಾಟ್‌ಗೂ ಹೆಚ್ಚು ಶಾಖ ಬೇಕು. ಅಂದರೆ ಅಡುಗೆ ಒಲೆಯ ಐದಾರು ಬರ್ನರುಗಳನ್ನು ಒಟ್ಟಿಗೆ ಪೂರ್ತಿ ಉರಿಸಿದಷ್ಟು. ಆ ಲೆಕ್ಕದಲ್ಲಿ ಗೀಸರು ಗಂಟೆಗೆ ಹತ್ತಿರ ಹತ್ತಿರ 1 ಕಿಲೋ ಅನಿಲ ಸುಡುತ್ತದೆ. ಒಂದು ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು 12ರಿಂದ 13 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ 9 ಘನ ಮೀಟರಿಗೆ ತುಸು ಕಡಿಮೆ ಗಾಳಿ. ಬಾಗಿಲು ಕಿಟಕಿ ಮುಚ್ಚಿದ್ದರೆ ಕಾಲು ಗಂಟೆಯ ಸ್ನಾನದಲ್ಲಿ ಅದರ ಮೂರನೇ ಒಂದು ಪಾಲನ್ನು ಉರಿಯೇ ತಿಂದುಬಿಡುತ್ತದೆ. ಆಮ್ಲಜನಕ ಇಳಿದಂತೆಲ್ಲ ಉರಿ ಅರೆಬೆಂದು ವಿಷ ಹೆಚ್ಚುತ್ತದೆ. ಆ ವಿಷ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆ ಭಾರವಾಗುತ್ತದೆ, ವಾಕರಿಕೆ ಬರುತ್ತದೆ, ಕಾಲು ಸೋಲುತ್ತದೆ. ಏನೋ ಆಗುತ್ತಿದೆ ಎಂದು ತಿಳಿಯುವ ಹೊತ್ತಿಗೆ ಚಿಲಕ ತೆಗೆಯಲು ಕೈಯಲ್ಲಿ ಬಲ ಉಳಿದಿರುವುದಿಲ್ಲ. ಹೀಗೆ ಬಿದ್ದು ಬದುಕಿಕೊಂಡವರನ್ನು ಮೂರ್ಛೆರೋಗಿಗಳೆಂದು ತಪ್ಪಾಗಿ ತಿಳಿಯುವ ಅಪಾಯವಿದೆ ಎಂದು ನಮ್ಮ ದೇಶದ ನರರೋಗ ತಜ್ಞರು ಎಚ್ಚರಿಸಿದ್ದಾರೆ.

ನಮ್ಮ ಹಳೆಯ ಬಚ್ಚಲುಮನೆಯಲ್ಲೂ ಬೆಂಕಿ ಇತ್ತು. ಆದರೆ ಎಷ್ಟೋ ಮನೆಗಳಲ್ಲಿ ಹಂಡೆ ಒಲೆಯ ಬಾಯಿ ಹಿತ್ತಲ ಕಡೆಗೆ ತೆರೆದಿರುತ್ತಿತ್ತು. ಸೌದೆ ಒಟ್ಟುವುದು ಹೊರಗಿನಿಂದ, ನೀರು ತೋಡಿಕೊಳ್ಳುವುದು ಒಳಗಿನಿಂದ. ಒಲೆ ಒಳಗೇ ಇದ್ದ ಕಡೆಯೂ ಮೇಲೆ ಹೆಂಚಿನ ಮಾಡು, ಹೆಂಚುಗಳ ಸಂದು, ಗೋಡೆಗೂ ಮಾಡಿಗೂ ನಡುವೆ ಬಿಟ್ಟ ತೆರಪು. ಅದೂ ಸಾಲದಾದರೆ ಹೊಗೆ ಕಣ್ಣಿಗೆ ನುಗ್ಗಿ ಒಳಗಿದ್ದವರನ್ನು ಹೊರಗಟ್ಟುತ್ತಿತ್ತು. ಈಗಿನ ಬಚ್ಚಲಿಗೆ ಆರ್‌ಸಿಸಿ ತಾರಸಿ, ಮೇಲಿನವರೆಗೆ ಟೈಲ್ಸ್, ಬಿಗಿಯಾಗಿ ಕೂರುವ ಬಾಗಿಲು, ಅಂಗೈಯಗಲದ ಒಂದು ಕಿಂಡಿ. ಅದಕ್ಕೂ ಚಳಿಗೆಂದು ಗಾಜು.

ಅಮ್ಮಂದಿರೇ, ಅಜ್ಜಿಯರೇ, ನಿಮ್ಮಲ್ಲಿ ಪ್ರತ್ಯೇಕವಾಗಿ ಬೇಡಿಕೊಳ್ಳುತ್ತೇನೆ. ಬಾಣಂತಿಗೆ ಗಾಳಿ ಸೋಕಬಾರದೆಂದು ನಾವು ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತೇವೆ. ಹಂಡೆಗಟ್ಟಲೆ ನೀರು ಹುಯ್ಯುತ್ತೇವೆ, ತಾಯಿಯದಾದ ಮೇಲೆ ಅದೇ ಬಚ್ಚಲಿನಲ್ಲಿ ಕೂಸಿಗೂ ಎರೆಯುತ್ತೇವೆ. ಕೂಸಿನ ಉಸಿರಾಟ ನಮ್ಮದಕ್ಕಿಂತ ಚುರುಕು, ವಿಷವೂ ಅಷ್ಟೇ ಬೇಗ ಒಳಹೋಗುತ್ತದೆ. ಒಳಗೆ ಗ್ಯಾಸ್ ಗೀಸರ್ ಇರುವ ಮನೆಯಲ್ಲಿ ಬಾಣಂತನ ಮಾಡಲೇಬೇಡಿ, ಮೊದಲು ಅದನ್ನು ತೆಗೆಸಿ. ನರಕ ಚತುರ್ದಶಿಯ ಬೆಳಗೂ ಹೀಗೆಯೇ ಅಪಾಯದ್ದು. ಎಣ್ಣೆ ಹಚ್ಚಿಕೊಂಡು ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಬಚ್ಚಲಿಗೆ ಹೋಗುತ್ತಾರೆ, ಗೀಸರಿಗೆ ಬಿಡುವೇ ಇರುವುದಿಲ್ಲ. ಮೊದಲು ಮಿಂದವರಿಗೆ ಬರೀ ತಲೆನೋವು ಬಂದಿರಬಹುದು. ಮೂರನೆಯವರು ಕಾಲಿಡುವುದು ಆಗಲೇ ಕೆಟ್ಟ ಗಾಳಿಗೆ.

‘ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಎನ್ನುವವರಿಗೆ ಒಂದು ಮಾತು. ಫ್ಯಾನು ಗಾಳಿಯನ್ನು ಹೊರಗೆಳೆಯಬೇಕಾದರೆ ಇನ್ನೊಂದು ದಾರಿಯಿಂದ ಹೊಸ ಗಾಳಿ ಒಳಬರಬೇಕು. ಬಾಗಿಲಿನ ಕೆಳಗೂ ಸಂದಿಲ್ಲದ ಕೋಣೆಯಲ್ಲಿ ಫ್ಯಾನು ಸುಮ್ಮನೆ ತಿರುಗುತ್ತದೆ. ಕರೆಂಟು ಹೋದಾಗ ಅದೂ ಇಲ್ಲ, ಗೀಸರು ಮಾತ್ರ ಬ್ಯಾಟರಿಯಿಂದ ಹೊತ್ತಿಕೊಳ್ಳುತ್ತದೆ. ಫ್ಲ್ಯಾಟಿನವರು ಯುಟಿಲಿಟಿ ಬಾಲ್ಕನಿಯಲ್ಲಿ ಹಾಕಿಸಿ ಆಮೇಲೆ ಅದಕ್ಕೆ ಗಾಜಿನ ಕಿಟಕಿ ಕೂರಿಸುತ್ತಾರೆ. ಅಲ್ಲಿಗೆ ಅದೂ ಮುಚ್ಚಿದ ಕೋಣೆಯೇ ಆಯಿತು.

ಹಾಗಾದರೆ ಹಾಕಿಸುವುದು ಹೇಗೆ? ಗೀಸರು ಬಯಲು ಗಾಳಿ ಆಡುವ ಹೊರಗೋಡೆಯ ಮೇಲಿರಬೇಕು, ಬಚ್ಚಲಿನ ಕಿಂಡಿಗೂ ಮಲಗುವ ಕೋಣೆಯ ಕಿಟಕಿಗೂ ದೂರವಾಗಿ. ಕಿಂಡಿಯ ಕೆಳಗೇ ತೂಗುಹಾಕಿದರೆ ಹೊಗೆಯೆಲ್ಲ ಒಳಗೇ ಬರುತ್ತದೆ. ಬಿಸಿನೀರು ಸಿಪಿವಿಸಿ ಪೈಪಿನಲ್ಲಿ ಒಳಬರಲಿ, ಸಾದಾ ಪಿವಿಸಿ ಶಾಖಕ್ಕೆ ಮೆತ್ತಗಾಗುತ್ತದೆ. ಸಿಲಿಂಡರು ನೆಟ್ಟಗೆ, ನೆಲಮಟ್ಟಕ್ಕಿಂತ ತಗ್ಗಿಲ್ಲದ ಕಡೆ ನಿಲ್ಲಲಿ. ಎಲ್‌ಪಿಜಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಪೆಟ್ಟಿಗೆಗೂ ಅನಿಲದ ಪೈಪಿಗೂ ಐಎಸ್‌ಐ ಗುರುತಿರಲಿ.

ಮೊದಲ ದಿನ ಹಚ್ಚಿ ತೋರಿಸುವಾಗ ಫಿಟ್ ಮಾಡುವವರು ಅವಸರದಲ್ಲಿರುತ್ತಾರೆ. ನೀರು ಬಿಸಿ ಬಂದರೆ ಕೆಲಸ ಮುಗಿಯಿತೆಂದು ನಾವೂ ಕಳಿಸಿಬಿಡುತ್ತೇವೆ. ಹಾಗೆ ಕಳಿಸಬೇಡಿ, ಪಕ್ಕದಲ್ಲೇ ನಿಂತು ನೋಡಿ. ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿಸಿ, ಗುಳ್ಳೆ ಎದ್ದರೆ ಬಿಗಿ ಮಾಡಿಸಿ. ಉರಿ ನೀಲಿಯಾಗಿರಬೇಕು, ಹಳದಿ ನಾಲಗೆ ಚಾಚಿದರೆ ಗಾಳಿ ಸಾಲದು ಅಥವಾ ಬರ್ನರಿನಲ್ಲಿ ಕಸವಿದೆ. ನಲ್ಲಿ ನಿಲ್ಲಿಸಿದ ಕೂಡಲೇ ಉರಿ ಆರಬೇಕು. ಕೈಪಿಡಿಯಲ್ಲಿ 20 ನಿಮಿಷಕ್ಕೆ ತಾನೇ ಆರುತ್ತದೆ ಎಂದಿದ್ದರೆ ಅದನ್ನೂ ಕಾದು ನೋಡಿ. ಬಿಲ್ಲಿನ ಮೇಲೆ ತಾರೀಖು, ಹಾಕಿದವರ ಹೆಸರು ಬರೆಸಿಕೊಳ್ಳಿ. ವರ್ಷಕ್ಕೊಮ್ಮೆ ಬಿಚ್ಚಿ ಮಸಿ ತೆಗೆಸಿ.

ಮನೆ ಮಾಲೀಕರೇ, ಬಾಡಿಗೆದಾರರು ಗ್ಯಾಸ್ ಗೀಸರಿಗೆ ಕೈಹಾಕುವುದು ಶೋಕಿಗಲ್ಲ. ಹಳೆಯ ವೈರಿಂಗು 2 ಕಿಲೋವಾಟಿನ ವಿದ್ಯುತ್ ಗೀಸರನ್ನು ತಾಳುವುದಿಲ್ಲ, ಸೋಲಾರ್ ನೀರು ಮೇಲಿನ ಮನೆಗಷ್ಟೇ ಸಾಕಾಗುತ್ತದೆ. ‘ಗೋಡೆ ಕೊರೆಯಬೇಡಿ’ ಎಂಬ ನಿಮ್ಮ ಒಂದು ಮಾತಿಗೆ ಅವರು ಪೆಟ್ಟಿಗೆಯನ್ನು ಒಳಗೆ ಸಿಕ್ಕಿಸಿಕೊಳ್ಳುತ್ತಾರೆ. ಗೋಡೆಗೊಂದು ತೂತು, ಹತ್ತಡಿ ಪೈಪು, ಎರಡು ಎಲ್ಬೋ. ದಯವಿಟ್ಟು ಇಷ್ಟಕ್ಕೆ ಒಪ್ಪಿಗೆ ಕೊಡಿ, ಸಾಧ್ಯವಾದರೆ ಖರ್ಚನ್ನೂ ನೀವೇ ವಹಿಸಿ. ಪ್ಲಂಬರ್ ಅಣ್ಣಂದಿರೇ, ‘ಒಳಗೆ ಹಾಕಿಕೊಡಿ ಸಾಕು’ ಎಂದು ಯಾರೇ ಒತ್ತಾಯಿಸಿದರೂ ಆ ಕೆಲಸ ಹಿಡಿಯಬೇಡಿ. ನಮ್ಮ ಮಾತಿಗಿಂತ ನಿಮ್ಮ ಮಾತನ್ನು ಜನ ಕೇಳುತ್ತಾರೆ.

ಇಂಗ್ಲೆಂಡಿನಲ್ಲಿ ಬಾಡಿಗೆಗಿರುವ ನಮ್ಮ ಮಕ್ಕಳನ್ನು ಕೇಳಿ ನೋಡಿ. ಅಲ್ಲಿ ಗ್ಯಾಸ್ ಸೇಫ್ ನೋಂದಣಿ ಇಲ್ಲದವರು ಬಾಯ್ಲರ್ ಕೆಲಸ ಮಾಡುವಂತಿಲ್ಲ. 1998ರ ನಿಯಮದಂತೆ ಮಾಲೀಕರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಅದರ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. 2022ರ ಅಕ್ಟೋಬರಿನಿಂದ ಬಾಡಿಗೆ ಮನೆಯಲ್ಲಿ ಬಾಯ್ಲರ್ ಇರುವ ಕೋಣೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ. ನಮ್ಮ ನಗರಪಾಲಿಕೆಗಳೂ ಬಾಡಿಗೆ ಮನೆಗಳಿಗೆ, ಪಿಜಿಗಳಿಗೆ, ಹೋಂಸ್ಟೇಗಳಿಗೆ ಇಂಥದೊಂದು ನಿಯಮ ತರಲಿ ಎಂದು ನಾವೆಲ್ಲ ಒತ್ತಾಯಿಸಬೇಕು. ಗ್ಯಾಸ್ ಏಜೆನ್ಸಿಯವರು ತಪಾಸಣೆಗೆ ಬಂದಾಗ ಅಡುಗೆಮನೆಯಿಂದಲೇ ಹಿಂದಿರುಗಲು ಬಿಡಬೇಡಿ, ಬಚ್ಚಲನ್ನೂ ತೋರಿಸಿ. ಬ್ಯಾಟರಿಯ ಅಲಾರಂ ಇಲ್ಲಿಯೂ ಸಿಗುತ್ತದೆ. ಕೊಳ್ಳುವಾಗ ಎಲ್‌ಪಿಜಿ ಸೋರಿಕೆ ಹಿಡಿಯುವ ಯಂತ್ರವನ್ನು ಅದೇ ಎಂದುಕೊಂಡು ತರಬೇಡಿ.

ಇಷ್ಟಾಗಿಯೂ ಎಂದಾದರೂ ಒಳಗಿನವರು ಕೂಗಿಗೆ ಓಗೊಡದಿದ್ದರೆ ಕಾಯುತ್ತ ನಿಲ್ಲಬೇಡಿ. ಸಿಲಿಂಡರ್ ಬಂದ್ ಮಾಡಿ, ಬಾಗಿಲು ಒಡೆದು ಬಯಲಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ‘ಸ್ನಾನಕ್ಕೆ ಹೋಗಿದ್ದರು, ಒಳಗೆ ಗ್ಯಾಸ್ ಗೀಸರ್ ಇತ್ತು’ ಎಂದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕವೆಂದೇ ಎಣಿಸಿ 98, 99 ಎಂದು ತೋರಿಸಬಲ್ಲದು. ರಕ್ತದ ಪರೀಕ್ಷೆಯೇ ಆಗಬೇಕು. ಬರೀ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಚೇತರಿಸಿಕೊಂಡು ಮನೆಗೆ ಬಂದವರಲ್ಲಿ ಕೆಲವು ವಾರಗಳ ಮೇಲೆ ಮರೆವು, ನಡುಕ, ನಡಿಗೆಯ ತೊಡಕು ಕಾಣಿಸಿಕೊಳ್ಳುವುದುಂಟು. ಹಾಗೇನಾದರೂ ಕಂಡರೆ ನರರೋಗ ತಜ್ಞರ ಬಳಿಗೆ ಕರೆದೊಯ್ಯಿರಿ.