ಸೆಂಟಿನ ಸೀಸೆಯಲ್ಲಿ ಕಾಫಿ

ಬೆಂಗಳೂರಿನಲ್ಲಿರುವ ಅಣ್ಣ ತಂದುಕೊಟ್ಟ ಸೆಂಟು ಹಚ್ಚಿಕೊಂಡು ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: 'ಸರ್, ಇದು ಕಾಫಿ ವಾಸನೆ ಬರ್ತದೆ. ಒಳಗೆ ಕಾಫಿಪುಡಿ ಹಾಕಿರ್ತಾರಾ?' ಉಳಿದವರು ನಕ್ಕರು. ಆದರೆ ಇದು ನಗುವ ಪ್ರಶ್ನೆಯಲ್ಲ. ಪಠ್ಯಪುಸ್ತಕದ ಎಷ್ಟೋ ಪ್ರಶ್ನೆಗಳಿಗಿಂತ ಒಳ್ಳೆಯದು.

ಸುಗಂಧ ತಯಾರಿಸುವವರು ಬಹುಕಾಲ ಹೂವು, ಶ್ರೀಗಂಧ, ನಿಂಬೆ, ಕಸ್ತೂರಿಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದರು. ಅಡುಗೆಮನೆಯ ವಾಸನೆಗಳು ಸೀಸೆಯೊಳಗೆ ಧಾರಾಳವಾಗಿ ಇಳಿದದ್ದು 1990ರ ದಶಕದಲ್ಲಿ. ಥಿಯರಿ ಮುಗ್ಲರ್ ಕಂಪನಿ 1996ರಲ್ಲಿ ಗಂಡಸರಿಗೆಂದು ತಂದ 'ಎ ಮೆನ್' ಎಂಬ ಸೆಂಟಿನಲ್ಲಿ ಕಾಫಿಯ ಕಂಪಿತ್ತು. 2014ರಲ್ಲಿ ಹೆಂಗಸರಿಗೆಂದು ಬಂದ 'ಬ್ಲ್ಯಾಕ್ ಓಪಿಯಮ್' ಕಾಫಿಯಿಂದಲೇ ಹೆಸರು ಮಾಡಿತು. ಸೀಸೆಯೊಳಗೆ ಪುಡಿ ಇರುವುದಿಲ್ಲ. ಹುರಿದ ಬೀಜದಿಂದ ದ್ರಾವಕ ಬಳಸಿಯೋ, ಹೆಚ್ಚಿನ ಒತ್ತಡದ ಇಂಗಾಲದ ಡೈ ಆಕ್ಸೈಡಿನಿಂದಲೋ ಸಾರ ತೆಗೆಯುತ್ತಾರೆ; ಪ್ರಯೋಗಾಲಯದಲ್ಲಿ ತಯಾರಿಸಿದ ಸಂಯುಕ್ತಗಳನ್ನೂ ಬೆರೆಸುತ್ತಾರೆ.

ಒಂದು ವಿಚಿತ್ರವನ್ನು ಗಮನಿಸಿ. ಕಾಫಿ ಗಿಡದಲ್ಲಿ ಕಾಫಿಯ ವಾಸನೆ ಇಲ್ಲ! ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಕೊಡಗು, ಚಿಕ್ಕಮಗಳೂರಿನ ತೋಟಗಳು ಬೆಳ್ಳಗೆ ಅರಳುತ್ತವೆ. ಆಗ ಬರುವುದು ಮಲ್ಲಿಗೆಯನ್ನು ಹೋಲುವ ಪರಿಮಳ. ಒಣಗಿಸಿದ ಹಸಿರು ಬೀಜವನ್ನು ಮೂಸಿದರೆ ಹುಲ್ಲಿನ, ಹಸಿ ಕಾಳಿನ ವಾಸನೆ. ನಿದ್ದೆ ಓಡಿಸುವ ಕೆಫೀನ್‌ಗಂತೂ ವಾಸನೆಯೇ ಇಲ್ಲ. ಬೀಜವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹುರಿದಾಗ, ಅದರೊಳಗಿನ ಸಕ್ಕರೆಗಳೂ ಅಮೈನೋ ಆಮ್ಲಗಳೂ ಒಂದರೊಡನೊಂದು ವರ್ತಿಸಿ ನೂರಾರು ಹೊಸ ಸಂಯುಕ್ತಗಳು ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದ ಮೈಯಾರ್ ಕ್ರಿಯೆ ಎನ್ನುತ್ತಾರೆ. ಹಂಚಿನ ಮೇಲೆ ರೊಟ್ಟಿ ಕೆಂಪಾಗುವಾಗ, ಶೇಂಗಾ ಹುರಿಯುವಾಗ ನಮ್ಮ ಬಾಗಳಿಯ ಮನೆಮನೆಯಲ್ಲೂ ನಡೆಯುವುದು ಇದೇ ಕ್ರಿಯೆ.

ಈ ನೂರಾರರಲ್ಲಿ 'ಇದು ಕಾಫಿ' ಎಂದು ಮೂಗಿಗೆ ಹೇಳುವುದು ಯಾವುದು? 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಹರ್ಮನ್ ಸ್ಟೌಡಿಂಗರ್ ಮತ್ತು ಟಾಡಿಯಸ್ ರೈಖ್‌ಸ್ಟೈನ್ ಇದರ ಬೆನ್ನುಹತ್ತಿದರು. ಮುಂದೆ ಬೇರೆ ಬೇರೆ ಸಂಶೋಧನೆಗಳಿಗಾಗಿ ಇಬ್ಬರಿಗೂ ನೊಬೆಲ್ ಬಂತು. ರೈಖ್‌ಸ್ಟೈನ್‌ಗೆ 1950ರಲ್ಲಿ, ಸ್ಟೌಡಿಂಗರ್‌ಗೆ 1953ರಲ್ಲಿ. ಅವರು ಗುರುತಿಸಿದ ಸಂಯುಕ್ತಗಳಲ್ಲಿ ಮುಖ್ಯವಾದದ್ದು ಫರ್‌ಫ್ಯುರಿಲ್ ಥಯಾಲ್. 5 ಇಂಗಾಲ, 6 ಜಲಜನಕ, 1 ಆಮ್ಲಜನಕ, 1 ಗಂಧಕದ ಪರಮಾಣು ಸೇರಿದ ಪುಟ್ಟ ಅಣು. ಗಂಧಕದ ಹೆಸರಿನಲ್ಲಿಯೇ ಗಂಧವಿದೆ ನೋಡಿ.

ಫರ್‌ಫ್ಯುರಿಲ್ ಎಂಬ ಹೆಸರು ಬಂದದ್ದು ತೌಡು ಎಂಬ ಅರ್ಥದ ಲ್ಯಾಟಿನ್ ಪದದಿಂದ. ತೌಡು, ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಮುಂತಾದವನ್ನು ಆಮ್ಲದೊಂದಿಗೆ ಕಾಯಿಸಿದರೆ ಫರ್‌ಫ್ಯುರಾಲ್ ಎಂಬ ದ್ರವ ಸಿಗುತ್ತದೆ. ಕೈಗಾರಿಕೆಯಲ್ಲಿ ಇಂದಿಗೂ ಹೀಗೆಯೇ ತಯಾರಿಸುತ್ತಾರೆ. ಅದರಿಂದ ಮುಂದಿನ ಕ್ರಿಯೆಗಳಲ್ಲಿ ಗಂಧಕವನ್ನು ಕೂಡಿಸಿ ಕಾಫಿಯ ಈ ಅಣುವನ್ನು ಪಡೆಯಬಹುದು. ಹರಪನಹಳ್ಳಿ ಸೀಮೆಯಲ್ಲಿ ಒಂದು ಕಾಫಿ ಗಿಡವನ್ನೂ ಕಾಣದ ನಾವು ಒಲೆಗೆ ಹಾಕುವ ಬೆಂಡಿನಲ್ಲಿ ಕಾಫಿ ಕಂಪಿನ ಕಚ್ಚಾ ಸಾಮಗ್ರಿ ಇದೆ.

ಇನ್ನು ಪ್ರಮಾಣದ ಮಾತು. ನೀರಿನಲ್ಲಿ ನೂರು ಕೋಟಿ ಭಾಗಕ್ಕೆ ನೂರನೆಯ ಒಂದು ಭಾಗವಿದ್ದರೂ ಮೂಗು ಇದನ್ನು ಹಿಡಿಯಬಲ್ಲುದು. ಬರಿಯ ಅಂಕಿ ತಲೆಗೆ ಹತ್ತದು, ಲೆಕ್ಕ ಹಾಕೋಣ. ಹತ್ತು ಎಕರೆ ಅಗಲದ ಕೆರೆ, ಎಲ್ಲೆಡೆ ಎಂಟಡಿ ನೀರು ಎಂದುಕೊಳ್ಳಿ. ಸುಮಾರು ಹತ್ತು ಕೋಟಿ ಲೀಟರ್ ಆಯಿತು. ಅದರಲ್ಲಿ ಒಂದು ಗ್ರಾಂ, ಅಂದರೆ ನಲವತ್ತು-ಐವತ್ತು ಅಕ್ಕಿಕಾಳಿನ ತೂಕದಷ್ಟು ಕಲಸಿದರೆ ಸಾಕು! ಹದ ಮೀರಿದರೆ ಮಾತ್ರ ಕಂಪು ಉಳಿಯುವುದಿಲ್ಲ. ಕೆಲವು ನೂರು ಪಟ್ಟು ಹೆಚ್ಚಾಯಿತೆಂದರೆ ಹಳಸಿದ ಕಾಫಿಯ, ಗಂಧಕದ ನಾತ. ಇದರಲ್ಲಿ ಆಶ್ಚರ್ಯವಿಲ್ಲ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲದ್ದರಿಂದ, ಸೋರಿದರೆ ಗೊತ್ತಾಗಲೆಂದು ಅದಕ್ಕೆ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಕೂಡ ಇದೇ ಕುಲದ್ದು. ಹಡಗಲಿ ಮಲ್ಲಿಗೆಯ ಬುಟ್ಟಿಗಳೇರಿದ ಬಸ್ಸಿನಲ್ಲಿ ಕೂತವರಿಗೆ ಹೂವಿನ ಪರಿಮಳವೂ ತಲೆ ಹಿಡಿಸುವುದು ಗೊತ್ತು. ಮಲ್ಲಿಗೆಯ ಕಂಪಿನಲ್ಲಿರುವ ಇಂಡೋಲ್ ಮಲದಲ್ಲಿಯೂ ಇದೆ ಎಂದರೆ ಮುಡಿದವರು ಬೇಸರಿಸಬಾರದು. ಸುಗಂಧ ತಯಾರಕನ ಜಾಣ್ಮೆಯೆಲ್ಲ ಹನಿಯ ಲೆಕ್ಕದಲ್ಲಿದೆ.

ದೊಡ್ಡ ಊರುಗಳ ಸೆಂಟಿನ ಅಂಗಡಿಗಳಲ್ಲಿ ಬಟ್ಟಲಿನಲ್ಲಿ ಕಾಫಿ ಬೀಜ ಇಟ್ಟಿರುತ್ತಾರೆ. ನಾಲ್ಕಾರು ಸೆಂಟು ಮೂಸಿ ಮೂಗು ದಣಿದಾಗ ಇದನ್ನು ಮೂಸಿದರೆ ಮತ್ತೆ ಚುರುಕಾಗುತ್ತದೆ ಎಂಬುದು ಅವರ ನಂಬಿಕೆ. ಅಮೆರಿಕದ ಬೆಲೋಯಿಟ್ ಕಾಲೇಜಿನ ಸಂಶೋಧಕರು ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳು ಮೂರು ಪರಿಮಳಗಳನ್ನು ಮತ್ತೆ ಮತ್ತೆ ಮೂಸಿದ ಮೇಲೆ ಕೆಲವರಿಗೆ ಕಾಫಿ ಬೀಜ, ಕೆಲವರಿಗೆ ನಿಂಬೆ ಹೋಳು, ಉಳಿದವರಿಗೆ ಬರಿಯ ಗಾಳಿ. ನಂತರ ನಾಲ್ಕು ಪರಿಮಳ ಕೊಟ್ಟು, ಮೊದಲು ಮೂಸದೆ ಇದ್ದುದು ಯಾವುದೆಂದು ಕೇಳಿದರು. ಕಾಫಿ ಮೂಸಿದವರು ಬರಿಯ ಗಾಳಿ ಮೂಸಿದವರಿಗಿಂತ ಚೆನ್ನಾಗಿ ಗುರುತಿಸಲಿಲ್ಲ. ಏಲಕ್ಕಿ, ಲವಂಗ, ಜೀರಿಗೆ, ಸೋಂಪು ಇಟ್ಟುಕೊಂಡು ಕಣ್ಣುಕಟ್ಟಿ ನೀವೂ ಇದನ್ನು ಮಾಡಿ ನೋಡಬಹುದು. ಆದರೆ ಇಬ್ಬರು ಗೆಳೆಯರು ಸಾಲದು, ಇಡೀ ತರಗತಿ ಬೇಕು.

ಈಗ ತಂದೆತಾಯಂದಿರಿಗೆ ಒಂದು ಮಾತು. 2020-21ರ ಕೊರೋನಾ ಕಾಲದಲ್ಲಿ ಕಾಫಿಪುಡಿಯ ಡಬ್ಬಿಯನ್ನು ಮೂಗಿಗೆ ಹಿಡಿದು ವಾಸನೆ ಇದೆಯೇ ಎಂದು ನೋಡಿಕೊಂಡವರು ಬಹಳ. ಹೋದ ವಾಸನೆ ಹೆಚ್ಚಿನವರಿಗೆ ಮರಳಿತು. ಕೆಲವರಿಗೆ ಕೆಟ್ಟು ಮರಳಿತು. ಕಾಫಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ ಎಲ್ಲವೂ ಚರಂಡಿಯಂತೆ ನಾರತೊಡಗಿದವು. ಇದಕ್ಕೆ ಪ್ಯಾರೋಸ್ಮಿಯಾ ಎನ್ನುತ್ತಾರೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಜೇನ್ ಪಾರ್ಕರ್ ಮತ್ತು ಸಂಗಡಿಗರು ಕಾಫಿಯ ಸಂಯುಕ್ತಗಳನ್ನು ಬಿಡಿಬಿಡಿಯಾಗಿ ಇಂಥವರಿಗೆ ಮೂಸಲು ಕೊಟ್ಟರು. 2022ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 29 ಜನರ ಪೈಕಿ 20 ಮಂದಿಗೆ ಅಸಹ್ಯ ತಂದದ್ದು ಯಾವುದು ಗೊತ್ತೇ? ಸ್ಟೌಡಿಂಗರ್, ರೈಖ್‌ಸ್ಟೈನ್ ಹಿಡಿದ ಅದೇ ಫರ್‌ಫ್ಯುರಿಲ್ ಥಯಾಲ್! ಅಣು ಅದೇ, ಪ್ರಮಾಣವೂ ಅಷ್ಟೇ. ಮೂಗಿನಿಂದ ಮಿದುಳಿಗೆ ಹೋಗುವ ಸುದ್ದಿ ಮಾತ್ರ ಬೇರೆ.

ಕೊರೋನಾ ಒಂದರಿಂದಲೇ ಅಲ್ಲ, ಬೇರೆ ವೈರಸ್ಸಿನ ನೆಗಡಿ, ತಲೆಗೆ ಬಿದ್ದ ಪೆಟ್ಟಿನ ನಂತರವೂ ಹೀಗಾಗುವುದುಂಟು. ಆದ್ದರಿಂದ ಜ್ವರ ಬಂದು ಹೋದ ಮಗು ಒಗ್ಗರಣೆಯ ವಾಸನೆಗೆ ತಟ್ಟೆ ಸರಿಸಿ ಎದ್ದರೆ ಹಟವೆಂದು ಗದರುವ ಮುಂಚೆ, ಯಾವ ಯಾವ ವಾಸನೆ ಕೆಟ್ಟದ್ದೆನಿಸುತ್ತದೆ ಎಂದು ಕೇಳಿ ಬರೆದಿಡಿ. ಕೆಲವು ವಾರ ಕಳೆದರೂ ಸರಿಹೋಗದಿದ್ದರೆ ಆ ಚೀಟಿಯೊಂದಿಗೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಹುರಿಯದ, ಕರಿಯದ, ತಣ್ಣಗಿನ ಊಟ ಅಂಥವರಿಗೆ ಒಗ್ಗುತ್ತದೆ. ಮೊಸರನ್ನ ಕೊಟ್ಟು ನೋಡಿ. ವಾಸನೆ ಪೂರ್ತಿ ಹೋದವರಿದ್ದರೆ ರಾತ್ರಿ ಸಿಲಿಂಡರಿನ ರೆಗ್ಯುಲೇಟರ್ ಆರಿಸುವ ಕೆಲಸವನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳಲಿ.